ತೊನ್ನು: ಬಿಸಿಲಿಗೂ ಪ್ರಶ್ನೆಗೂ ಸಿದ್ಧರಾಗಿ

ಮಾನ್ಯ ಸಂಪಾದಕರೇ,

ಜೂನ್ 25 ವಿಶ್ವ ತೊನ್ನು ದಿನ. ಆದರೂ ಬೆಂಗಳೂರಿನ ಬಸ್ಸುಗಳಲ್ಲಿ ಮುಖದ ಮೇಲೆ ಬಿಳಿ ಮಚ್ಚೆಯಿರುವವರ ಪಕ್ಕದ ಸೀಟು ಖಾಲಿ ಉಳಿಯುವುದುಂಟು. ತೊನ್ನು ಅಂಟುರೋಗವಲ್ಲ, ಕುಷ್ಠವೂ ಅಲ್ಲ. ಮೀನು ತಿಂದು ಹಾಲು ಕುಡಿದದ್ದರಿಂದ ಬರುವುದೂ ಅಲ್ಲ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ನಾಶಮಾಡುತ್ತದೆ, ಅಷ್ಟೆ.

ನಮ್ಮೂರಿನ ತಂಪು ಹವೆ ನಂಬಿ ಮೋಸಹೋಗಬೇಡಿ. ಮೋಡವಿದ್ದರೂ ಬಣ್ಣವಿಲ್ಲದ ಚರ್ಮ ಸುಡುತ್ತದೆ. ಎಸ್‌ಪಿಎಫ್ (ಬಿಸಿಲಿನಿಂದ ರಕ್ಷಣೆಯ ಅಳತೆ) 30 ಅಥವಾ ಹೆಚ್ಚಿನ ಸನ್‌ಸ್ಕ್ರೀನನ್ನು ಎರಡು ಬೆರಳುದ್ದ ತೆಗೆದು ಮುಖ, ಕುತ್ತಿಗೆಗೆ ಹಚ್ಚಿ. ಹೊರಗಿದ್ದರೆ 2 ಗಂಟೆಗೊಮ್ಮೆ ಮತ್ತೆ ಹಚ್ಚಿ. ಕಡಲೆಕಾಳಿನಷ್ಟು ಸವರಿದರೆ ಟ್ಯೂಬಿನ ಮೇಲೆ ಬರೆದಷ್ಟು ರಕ್ಷಣೆ ಸಿಗದು.

ಬಿಂದಿಯ ಜಾಗದಲ್ಲೇ ಬಣ್ಣ ಮಾಸುತ್ತಿದೆಯೇ? ಸ್ಟಿಕ್ಕರ್ ಬಿಂದಿ ಇಂದೇ ನಿಲ್ಲಿಸಿ, ಚರ್ಮವೈದ್ಯರಿಗೆ ತೋರಿಸಿ. ಕೆಲವು ಅಂಟುಗಳಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಎಂಬ ರಾಸಾಯನಿಕ ಬಣ್ಣದ ಕೋಶಗಳನ್ನು ಕೊಲ್ಲುತ್ತದೆ.

ಮಚ್ಚೆ ಮರೆಮಾಡುವ ಕ್ರೀಮ್ ಹಚ್ಚುವುದು, ಬಿಡುವುದು ಅವರವರ ಇಷ್ಟ, ಮನೆಯವರು ಒತ್ತಾಯಿಸಬಾರದು. ಕೇಳಿದವರಿಗೆ ಒಂದೇ ವಾಕ್ಯ ಸಿದ್ಧವಿರಲಿ: ‘ಇದು ತೊನ್ನು, ಅಂಟುವುದಿಲ್ಲ.’ ಕಣ್ಣಲ್ಲಿ ಕಣ್ಣಿಟ್ಟು ಹೇಳಿ, ಕೂಡಲೇ ಬೇರೆ ಮಾತು ಎತ್ತಿ. ವಿವರಣೆ ಕೊಡುವ ಹೊಣೆ ನಿಮ್ಮದಲ್ಲ.

– ಓದುಗರು, ಜಯನಗರ, ಬೆಂಗಳೂರು