ಹಿಂದಿನ ಸೀಟಿನಿಂದ ಒಂದು ಪತ್ರ

ಐರಾವತದ ಒಡೆಯನಿಗೆ,

ಹೇಗಿದ್ದೀಯಾ? ನೀನು ಎಷ್ಟೋ ವರ್ಷದಿಂದ ನೋಡು ನೋಡು ಅನ್ನುತ್ತಿದ್ದ 'ದಿ ಮೋಟಾರ್‌ಸೈಕಲ್ ಡೈರೀಸ್' ಸಿನಿಮಾವನ್ನು ಕೊನೆಗೂ ನಿನ್ನೆ ರಾತ್ರಿ ನೋಡಿದೆ. ನನಗೆ ಸ್ಪ್ಯಾನಿಷ್ ಒಂದಕ್ಷರ ಬರಲ್ಲ. ಮೊದಲ ಹತ್ತು ನಿಮಿಷ ಸಬ್‌ಟೈಟಲ್ ಓದುವುದರಲ್ಲೇ ಹೋಯಿತು. ಆಮೇಲೆ ಓದುತ್ತಿದ್ದೇನೆ ಅನ್ನುವುದೇ ಮರೆತುಹೋಯಿತು.

ಟೀ ಶರ್ಟಿನ ಮೇಲಿರುವ ಕ್ರಾಂತಿಕಾರಿ ಚೆ ಗೆವಾರಾನಿಗಾಗಿ ಕಾದು ಕೂತಿದ್ದೆ. ಗಡ್ಡ ಇಲ್ಲ, ಬಂದೂಕು ಇಲ್ಲ. ಇದು 1952ರ ಕತೆ. ಮುಂದೆ ಚೆ ಆಗಲಿರುವ 23 ವರ್ಷದ ಎರ್ನೆಸ್ಟೊ, ಮೆಡಿಕಲ್ ಓದು ಇನ್ನೂ ಮುಗಿದಿಲ್ಲ, ಜೊತೆಗೆ ಉಬ್ಬಸ ಬೇರೆ. ಗೆಳೆಯ ಆಲ್ಬರ್ಟೊ ಗ್ರಾನಾಡೊ ಜೊತೆ ಬ್ಯೂನಸ್ ಐರಿಸ್‌ನಿಂದ ಹಳೇ ನಾರ್ಟನ್ 500 ಬೈಕಿನಲ್ಲಿ ಹೊರಡುತ್ತಾನೆ. ಬೈಕಿನ ಹೆಸರು 'ಲಾ ಪೊದೆರೋಸಾ', ಬಲಶಾಲಿ ಅಂತ ಅರ್ಥ. ಅದು ಹೊಗೆ ಉಗುಳುತ್ತಾ, ಬೀಳುತ್ತಾ ಏಳುತ್ತಾ ಹೋಗುವಾಗ ನಿನ್ನ ಯೆಜ್ಡಿ ಬೈಕು 'ಐರಾವತ' ನೆನಪಾಗದೆ ಇರುತ್ತಾ? ಮೊಳಕಾಲ್ಮೂರಿನ ವಿಷಯ ಇಲ್ಲಿ ಬರೆಯಲ್ಲ, ಹೆದರಬೇಡ.

ಚಿಲಿಯಲ್ಲಿ ಬೈಕು ಕೈಕೊಡುತ್ತದೆ. ನನ್ನ ಪ್ರಕಾರ ಪ್ರಯಾಣ ಶುರುವಾಗುವುದೇ ಅಲ್ಲಿಂದ. ನಡೆಯತೊಡಗಿದ ಮೇಲೇ ಅವರಿಗೆ ಜನ ಸಿಗುವುದು. ಅಟಕಾಮಾ ಮರುಭೂಮಿಯ ಚಳಿಯಲ್ಲಿ ಒಬ್ಬ ಗಂಡ ಹೆಂಡತಿ ಇದ್ದಾರೆ. ಕಮ್ಯುನಿಸ್ಟರು ಅನ್ನುವ ಕಾರಣಕ್ಕೆ ನೆಲೆ ಕಳೆದುಕೊಂಡು, ಗಣಿ ಕೂಲಿ ಹುಡುಕಿಕೊಂಡು ಹೊರಟವರು. ನೀವು ಯಾಕೆ ತಿರುಗುತ್ತಿದ್ದೀರಿ ಅಂತ ಆಕೆ ಕೇಳುತ್ತಾಳೆ. ಸುಮ್ನೆ, ತಿರುಗಬೇಕು ಅಂತ ತಿರುಗುತ್ತಿದ್ದೇವೆ ಅನ್ನುವಾಗ ಎರ್ನೆಸ್ಟೊ ಮುಖ ನೋಡಬೇಕು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೈಗವಸು. ಪೆರುವಿನ ಸಾನ್ ಪಾಬ್ಲೊ, ಅಮೆಜಾನ್ ದಡದ ಕುಷ್ಠರೋಗಿಗಳ ಕಾಲೊನಿ. ಡಾಕ್ಟರು, ಸನ್ಯಾಸಿನಿಯರೆಲ್ಲ ನದಿಯ ಒಂದು ದಡದಲ್ಲಿ, ರೋಗಿಗಳು ಇನ್ನೊಂದು ದಡದಲ್ಲಿ. ಔಷಧಿ ತಗೊಳ್ಳುತ್ತಿರುವವರಿಂದ ರೋಗ ಅಂಟಲ್ಲ ಅಂತ ಡಾಕ್ಟರಿಗೆ ಗೊತ್ತು. ಆದರೂ ಕೈಗವಸು ಹಾಕಲೇಬೇಕು, ಅಲ್ಲಿನ ನಿಯಮ. ಇವರಿಬ್ಬರೂ ಹಾಕಲ್ಲ. ಬರಿಗೈ ಚಾಚುತ್ತಾರೆ.

ಅಲ್ಲಿಗೆ ಸಿನಿಮಾ ನಿಲ್ಲಿಸಿ ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತೆ.

ಕಾಲೇಜಿನ ಕೊನೆ ವರ್ಷ ನಿನಗೆ ಟಿಬಿ ಬಂದು ಊರಿಗೆ ಹೋಗಿದ್ದೆಯಲ್ಲ, ಆಗ ನಾನು ನೋಡಲು ಬಂದಿದ್ದೆ. ಮಾತ್ರೆ ಶುರುವಾಗಿ ಎರಡು ತಿಂಗಳಾಗಿತ್ತು. ಸರಿಯಾಗಿ ಮಾತ್ರೆ ತಗೊಂಡರೆ ಕೆಲವೇ ವಾರದಲ್ಲಿ ಅಂಟುವುದು ನಿಲ್ಲುತ್ತದಂತೆ, ಧೈರ್ಯವಾಗಿ ಬಾ ಅಂತ ಫೋನಿನಲ್ಲಿ ನೀನೇ ಹೇಳಿದ್ದೆ. ಅಮ್ಮ ಕಾಫಿ ತಂದರು. 'ಬಸ್ ಸ್ಟ್ಯಾಂಡಿನಲ್ಲಿ ಈಗಷ್ಟೇ ಕುಡಿದೆ ಅಮ್ಮಾ' ಅಂದೆ. ಸುಳ್ಳು ಕಣೋ. ಬೆಳಗಿನಿಂದ ನೀರೂ ಕುಡಿದಿರಲಿಲ್ಲ. ಬಾಗಿಲ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ. ಅಮ್ಮ ಏನೂ ಅನ್ನದೆ ಲೋಟವನ್ನು ಒಳಗೆ ತಗೊಂಡು ಹೋದರು. ನೀನು ಕ್ರಿಕೆಟ್ ಸ್ಕೋರ್ ಕೇಳಿದೆ. ನಿನಗೆ ಗೊತ್ತಾಗಿತ್ತು, ಅಲ್ವಾ? ಗೊತ್ತಾಗಿಯೇ ಮಾತು ಬದಲಿಸಿದೆ.

ಇದನ್ನು ಎಲ್ಲರೆದುರು ಯಾಕೆ ಹೇಳುತ್ತೀಯ ಅಂತ ಬೈಯಬಹುದು. ನಿನಗೊಬ್ಬನಿಗೇ ಬರೆದಿದ್ದರೆ ಕಳಿಸುವ ಮೊದಲೇ ಅಳಿಸಿಬಿಡುತ್ತಿದ್ದೆ. ನನ್ನನ್ನು ಕ್ಷಮಿಸು.

ಇಷ್ಟೆಲ್ಲ ಬರೆಯಬೇಕು ಅಂತ ಇರಲಿಲ್ಲ, ಸಿನಿಮಾಗೇ ವಾಪಸ್ ಬರುತ್ತೇನೆ. ಕೊನೆಯಲ್ಲಿ ವಿಮಾನ ಹಾರಿ ಹೋಗುವಾಗ ಒಬ್ಬ ವಯಸ್ಸಾದವರ ಮುಖ ಬರುತ್ತದಲ್ಲ, ಅದು ನಿಜವಾದ ಗ್ರಾನಾಡೊ ಅವರದೇ. ಗೆಳೆಯನನ್ನು 1967ರಲ್ಲಿ ಬೊಲಿವಿಯಾದಲ್ಲಿ ಕೊಂದರು. ಇವರು 2011ರವರೆಗೆ ಇದ್ದರು. ಅಷ್ಟು ವರ್ಷ ಆ ಪ್ರಯಾಣವನ್ನು ಒಬ್ಬರೇ ನೆನಪಿಟ್ಟುಕೊಂಡಿದ್ದರಲ್ಲ ಅಂತ ಯೋಚಿಸುತ್ತಾ ಹೆಸರುಗಳೆಲ್ಲ ಮುಗಿಯುವವರೆಗೂ ಕೂತಿದ್ದೆ.

ದಸರಾ ರಜೆಗೆ ಬರುತ್ತೇನೆ. ಐರಾವತ ಸ್ಟಾರ್ಟ್ ಆದರೆ ಬಸ್ ಸ್ಟ್ಯಾಂಡಿಗೆ ಬಾ, ಆಗದಿದ್ದರೆ ನಡೆದೇ ಬರುತ್ತೇನೆ. ಅಮ್ಮನಿಗೆ ಹೇಳು, ಕಾಫಿ ದೊಡ್ಡ ಲೋಟದಲ್ಲೇ ಬೇಕು. ಸಕ್ಕರೆ ಸ್ವಲ್ಪ ಜಾಸ್ತಿ.

ನಿನ್ನ
ಹಿಂದಿನ ಸೀಟಿನವನು