ಕಣಜ ಅಂದಮೇಲೆ ಕಾಳು ಬೇಡವೇ?

ಮಾನ್ಯರೇ,

ಸಿಂಧೂ ಕಣಿವೆಯ ಹೆಚ್ಚುವರಿ ಧಾನ್ಯದ ಮಾತು ಬಂದಾಗಲೆಲ್ಲ ಪಠ್ಯಪುಸ್ತಕಗಳಲ್ಲಿ ಮೊಹೆಂಜೊದಾರೊದ ‘ಮಹಾ ಕಣಜ’ದ ಚಿತ್ರವೇ ಮುಂದೆ ಬರುತ್ತದೆ. 27 ಇಟ್ಟಿಗೆ ಕಟ್ಟೆಗಳ ಆ ಕಟ್ಟಡವನ್ನು 1950ರಲ್ಲಿ ಅಗೆದು ಕಣಜವೆಂದು ಕರೆದವರು ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್. ಕಟ್ಟೆಗಳ ನಡುವಿನ ಸಂದಿಗಳು ಗಾಳಿಯಾಡಲಿಕ್ಕೆ ಎಂಬುದು ಅವರ ತರ್ಕ. ತಳದಿಂದ ತೇವ ಏರಿದರೆ ಕಾಳು ಮುಗ್ಗುತ್ತದೆ, ಒಪ್ಪೋಣ. ಆದರೆ ಅಲ್ಲಿ ಒಂದು ಹಿಡಿ ಕಾಳೂ ಸಿಕ್ಕಿಲ್ಲವಲ್ಲ!

ಬೇಸಾಯಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ರಾಜಸ್ಥಾನದಲ್ಲಿರುವ ಸಿಂಧೂ ನಾಗರಿಕತೆಯ ನೆಲೆ ಕಾಲಿಬಂಗನ್‌ನಲ್ಲಿದೆ: ಕ್ರಿ.ಪೂ. 2800ರ ಸುಮಾರಿನ, ಉತ್ತ ಹೊಲ. ಪೂರ್ವ–ಪಶ್ಚಿಮದ ಸಾಲುಗಳಿಗೆ ಸುಮಾರು 30 ಸೆಂ.ಮೀ. ಅಂತರ, ಅವನ್ನು ಅಡ್ಡ ಹಾಯುವ ಉತ್ತರ–ದಕ್ಷಿಣದವಕ್ಕೆ 190. ಇಕ್ಕಟ್ಟಿನ ಸಾಲಿಗೆ ಬೇಳೆಕಾಳು, ಅಗಲದ ಸಾಲಿಗೆ ಸಾಸಿವೆ ಹಾಕುವ ರೂಢಿ ಆ ಸೀಮೆಯಲ್ಲಿ ಈಚಿನವರೆಗೂ ಇತ್ತು. ಎತ್ತರದ ಸಾಸಿವೆ ಒತ್ತಾಗಿ ಬಿತ್ತಿದರೆ ಕೆಳಗಿನ ಗಿಡಕ್ಕೆ ಬಿಸಿಲು ಸಿಗದು. ಪಠ್ಯದಲ್ಲಿ ಈ ಹೊಲದ ಚಿತ್ರ ಹಾಕಿ.

– ಓರ್ವ ಓದುಗ