ಮಗಳಿಗೊಂದು ಪತ್ರ: ನಿಮ್ಮ ಬೆಂಗಳೂರಿನ ನೀರು, ನಮ್ಮೂರ ಕೆರೆ

ಪುಟ್ಟೀ,

ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಾರಲ್ಲ, ಅದರ ಬಗ್ಗೆ "ಕೋಲಾರದವರಿಗೆ ಎಷ್ಟು ಕೊಟ್ಟರೂ ಸಾಲದು" ಅಂತ ನಿನ್ನ ಆಫೀಸಿನಲ್ಲಿ ಯಾರೋ ಅಂದರು ಅಂದೆಯಲ್ಲ, ಆ ಮಾತು ಮನಸ್ಸಿನಿಂದ ಹೋಗುತ್ತಲೇ ಇಲ್ಲ. ನೀನೂ ಕೇಳಿದೆ, ಕೆರೆ ತುಂಬಿದೆ, ಬೋರ್‌ನಲ್ಲಿ ನೀರಿದೆ, ಇನ್ನೂ ಯಾಕಮ್ಮ ಹೋರಾಟ ಅಂತ. ಫೋನಿನಲ್ಲಿ ಎಲ್ಲ ಹೇಳೋಕೆ ಆಗಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪುರುಸೊತ್ತು ಮಾಡಿಕೊಂಡು ಓದು.

ಮೊದಲು ನೀರು ಬಂದಿದ್ದರಿಂದ ಆದ ಒಳ್ಳೆಯದನ್ನು ಹೇಳಿಬಿಡುತ್ತೇನೆ. ನೀನು ಹೈಸ್ಕೂಲಿಗೆ ಹೋಗುವಾಗ ನಮ್ಮ ಕೆರೆಯೊಳಗೆ ಏನಿತ್ತು ನೆನಪಿದೆಯಾ? ಬರೀ ಜಾಲಿ ಗಿಡ. ಹುಡುಗರು ಅದರ ಮಧ್ಯೆಯೇ ಕ್ರಿಕೆಟ್ ಆಡುತ್ತಿದ್ದರು. ಬೋರ್ ಕೊರೆಸಿದರೆ ಸಾವಿರ ಅಡಿ, ಸಾವಿರದೈನೂರು ಅಡಿ, ಅಷ್ಟಾದರೂ ಬರೀ ಧೂಳು. ರಾತ್ರಿಯೆಲ್ಲ ರಿಗ್ ಗಾಡಿ ಸದ್ದು, ಬೆಳಗಾದರೆ ಯಾರದೋ ಮನೆಯಲ್ಲಿ ಸಾಲ. ಈಗ ಕೆರೆಯಲ್ಲಿ ನೀರು ನಿಂತಿದೆ. ಮೂಲೆ ತೋಟದ ಹಳೇ ಬಾವಿಯ ಕೆಳಗಿನ ಮೆಟ್ಟಿಲುಗಳು ಮುಳುಗಿವೆ. ನಮ್ಮ ಮೋಟಾರು ಒಂದು ಗಂಟೆ ಓಡಿ ಗಾಳಿ ಉಗುಳುತ್ತಿತ್ತಲ್ಲ, ಈಗ ಕರೆಂಟು ಇರುವಷ್ಟು ಹೊತ್ತೂ ನೀರು ಎತ್ತುತ್ತದೆ. ಸೀಮೆಹುಲ್ಲು ಬೆಳೆದಿದ್ದೇವೆ, ಡೇರಿಗೆ ಹಾಲು ಜಾಸ್ತಿ ಹಾಕುತ್ತಿದ್ದೇವೆ. ಟೊಮೆಟೊ ನಾಟಿ ಮಾಡುವಾಗ ಮೊದಲಿನ ಹೆದರಿಕೆ ಇಲ್ಲ. ಇದನ್ನೆಲ್ಲ ಇಲ್ಲ ಅಂದರೆ ನಾಲಿಗೆ ಬಿದ್ದುಹೋಗುತ್ತದೆ.

ಆದರೆ ಆ ನೀರು ಎಲ್ಲಿಂದ ಬಂತು, ಹೇಗೆ ಬಂತು ಅನ್ನೋದು ನಿನಗೆ ಗೊತ್ತಿರಬೇಕು. ನಮ್ಮ ಜಿಲ್ಲೆಗೆ ವರ್ಷಪೂರ್ತಿ ಹರಿಯುವ ಒಂದು ಹೊಳೆಯೂ ಇಲ್ಲ. ಪಾಲಾರ್, ಪೆನ್ನಾರ್, ಚಿತ್ರಾವತಿ ಎಲ್ಲ ಹುಟ್ಟೋದು ನಂದಿ ಬೆಟ್ಟದ ಆಸುಪಾಸಿನಲ್ಲೇ, ಆದರೆ ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಿರಿಯರು ಅದಕ್ಕೇ ಊರಿಗೊಂದು ಕೆರೆ ಕಟ್ಟಿದರು. ಒಂದು ಕೆರೆ ಕೋಡಿ ಹೋದರೆ ಮುಂದಿನ ಊರಿನ ಕೆರೆಗೆ ನೀರು. ಆ ಕಾಲುವೆಗಳನ್ನು ಮುಚ್ಚಿ ಹಾಕಿದವರು ನಾವೇ, ನಮ್ಮ ಜನವೇ. ಅದನ್ನು ಬೆಂಗಳೂರಿನವರ ತಲೆಗೆ ಕಟ್ಟಲ್ಲ.

ನೀರಿನ ದಾರಿ ನೋಡು. ನಿಮ್ಮ ನಲ್ಲಿಗೆ ಕಾವೇರಿ ಬರುವುದು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ. ಐದನೇ ಹಂತ ಅಂತ 2024ರ ಅಕ್ಟೋಬರ್‌ನಲ್ಲಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಸೇರಿಸಿದರು. ನೀವು ಸ್ನಾನ ಮಾಡಿ, ಬಟ್ಟೆ ಒಗೆದು, ಫ್ಲಶ್ ಮಾಡಿ ಬಿಟ್ಟ ನೀರು ಚರಂಡಿಗೆ ಸೇರುತ್ತದೆ. ಕೋರಮಂಗಲ, ಚಲ್ಲಘಟ್ಟ ಕಣಿವೆಗೆ ಬರುವ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧ ಮಾಡಿ, ಪೈಪಿನಲ್ಲಿ ನಮ್ಮ ಕಡೆಗೆ ಕಳಿಸುತ್ತಾರೆ. ಅದೇ ಕೆ.ಸಿ. ವ್ಯಾಲಿ. ದಿನಕ್ಕೆ 44 ಕೋಟಿ ಲೀಟರ್, 126 ಕೆರೆ ಅನ್ನೋದು ಯೋಜನೆಯ ಲೆಕ್ಕ. ಚಿಕ್ಕಬಳ್ಳಾಪುರದ ಕಡೆ ಹೆಬ್ಬಾಳ ನಾಗವಾರ ಕಣಿವೆಯಿಂದ ಇನ್ನೊಂದು ಲೈನು ಹೋಗಿದೆ. ನೀನಿರುವುದು ಬೆಳ್ಳಂದೂರಿನಲ್ಲಿ, ಕೆ.ಸಿ. ವ್ಯಾಲಿಯ ಕಣಿವೆಯಲ್ಲೇ. ಅಂದರೆ ನಿಮ್ಮ ಬಚ್ಚಲಿನ ನೀರು ಕೊನೆಗೆ ಇಳಿಯುವುದು ನಮ್ಮ ನೆಲಕ್ಕೇ.

ಈಗ ಹೋರಾಟದ ವಿಷಯ. ಮೊದಲ ಹಂತದಲ್ಲಿ ಕಸ, ಮರಳು, ಗಷ್ಟು ತೆಗೆಯುತ್ತಾರೆ. ಎರಡನೇ ಹಂತದಲ್ಲಿ ಗಾಳಿ ಹಾಯಿಸಿ, ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾ ಬೆಳೆಸುತ್ತಾರೆ. ನೀರು ಕಣ್ಣಿಗೆ ತಿಳಿಯಾಗುತ್ತದೆ, ವಾಸನೆ ಕಮ್ಮಿಯಾಗುತ್ತದೆ. ಆದರೆ ಸೋಪಿನ ಪುಡಿಯ, ಮಲಮೂತ್ರದ ರಂಜಕ, ಸಾರಜನಕ ಅದರಲ್ಲಿ ಸಾಕಷ್ಟು ಉಳಿಯುತ್ತವೆ. ಕಾರ್ಖಾನೆಯವರು ಕದ್ದು ಬಿಟ್ಟ ಲೋಹ, ರಾಸಾಯನಿಕ ಏನಾದರೂ ಸೇರಿದ್ದರೆ ಅದನ್ನು ತೆಗೆಯುವ ಏರ್ಪಾಡು ಈ ಎರಡು ಹಂತದಲ್ಲಿ ಇಲ್ಲ. ಅದಕ್ಕೇ ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಕೇಳುತ್ತಿರುವುದು. ಅಷ್ಟೇ ಪುಟ್ಟೀ, ನೀರು ನಿಲ್ಲಿಸಿ ಅಂತ ಅಲ್ಲ.

ನಮ್ಮ ಕೆರೆಗೆ ಕಾಲುವೆ ಬೀಳುವ ಜಾಗಕ್ಕೆ ಒಂದು ಸಲ ಬಂದು ನೋಡು. ನೀರು ಧುಮುಕುವ ಕಡೆ ಕೆಲವು ದಿನ ನೊರೆ ಕಟ್ಟುತ್ತದೆ. ಸ್ವಲ್ಪ ಮುಂದೆ ಹಸಿರು ಪಾಚಿ, ದಡದುದ್ದಕ್ಕೂ ಆಳೆತ್ತರದ ಜೊಂಡು. ರಂಜಕ ಜಾಸ್ತಿ ಇದ್ದರೆ ಜೊಂಡಿಗೆ ಹಬ್ಬ. ಎಮ್ಮೆ ಇಳಿದು ಬಂದರೆ ಮೈಮೇಲೆ ಹಸಿರು ಅಂಟಿರುತ್ತದೆ. ಆ ಕಡೆಯಿಂದ ಗಾಳಿ ಬೀಸಿದ ಸಂಜೆ ನಿಮ್ಮಜ್ಜಿ ಬಾಗಿಲು ಹಾಕಿಕೋ ಅನ್ನುತ್ತಾರೆ.

2018ರ ಜೂನ್‌ನಲ್ಲಿ ನಮ್ಮ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂದಾಗ ಜನ ಪೂಜೆ ಮಾಡಿ ಕುಣಿದರು. ಮುಂದಿನ ತಿಂಗಳೇ ಅಲ್ಲಿ ನೊರೆ ಎದ್ದಿತು. ಅದಕ್ಕೆ ಹಿಂದಿನ ವರ್ಷ ತಾನೇ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಹತ್ತಿದ್ದನ್ನು ಟಿವಿಯಲ್ಲಿ ನೋಡಿದ್ದೆವು. ಹೆದರಿಕೆ ಆಗಲ್ವಾ? ಕೇಸು ಹೈಕೋರ್ಟಿಗೆ ಹೋಯಿತು, ತಡೆ ಬಂತು, ಆಮೇಲೆ ತಡೆ ತೆರವಾಯಿತು. 2019ರಲ್ಲಿ ಸುಪ್ರೀಂ ಕೋರ್ಟ್‌ವರೆಗೂ ಹೋಗಿ ಅಲ್ಲೂ ಹೀಗೇ ಆಯಿತು. ಕೇಸು ಹಾಕಿದವರನ್ನು ನಮ್ಮೂರಿನಲ್ಲೇ ಎಷ್ಟು ಬೈದರು ಗೊತ್ತಾ! ಬಂದ ನೀರಿಗೆ ಕಲ್ಲು ಹಾಕಿದರು ಅಂದರು. ನನಗೆ ಮಾತ್ರ ಆಗಲೂ ಈಗಲೂ ಅವರ ಮೇಲೆ ಗೌರವ ಇದೆ. ಅವರು ಹೋಗದಿದ್ದರೆ ಈ ನೀರನ್ನು ಪರೀಕ್ಷೆ ಮಾಡಬೇಕು ಅನ್ನುವ ಮಾತೇ ಇಷ್ಟು ದೂರ ಬರುತ್ತಿರಲಿಲ್ಲ.

ಇನ್ನೊಂದು ವಿಷಯ ನನ್ನನ್ನು ತುಂಬ ಕಾಡುತ್ತದೆ. ಇಲ್ಲಿ ಯಾರಾದರೂ ಎದ್ದು ನಿಂತು ನೀರು ಶುದ್ಧವಾ ಅಂತ ಕೇಳಿದರೆ ಸಾಕು, ನೀನು ಯಾವ ಪಾರ್ಟಿ ಅಂತ ಶುರು ಮಾಡುತ್ತಾರೆ. ಯೋಜನೆ ತಂದದ್ದು ಕಾಂಗ್ರೆಸ್ ಸರ್ಕಾರ. ನೀರು ಹರಿದಾಗ ಇದ್ದದ್ದು ಸಮ್ಮಿಶ್ರ ಸರ್ಕಾರ. ಆಮೇಲೆ ಬಿಜೆಪಿ ಬಂತು, 2023ರಲ್ಲಿ ಮತ್ತೆ ಕಾಂಗ್ರೆಸ್ ಬಂತು. ಎಲ್ಲರೂ ಬಾಗಿನ ಬಿಟ್ಟರು. ಮೂರನೇ ಹಂತ ಮಾತ್ರ ಯಾರ ಕಾಲದಲ್ಲೂ ಬರಲಿಲ್ಲ. ಹಾಗಿರುವಾಗ ಇದು ಯಾವ ಪಾರ್ಟಿಯ ಪ್ರಶ್ನೆ, ನೀನೇ ಹೇಳು. ವೋಟು ಹಾಕಿದ ಮಾತ್ರಕ್ಕೆ ಬಾಯಿ ಮುಚ್ಚಿಕೊಂಡಿರಬೇಕು ಅನ್ನುವುದನ್ನು ನಾನು ಒಪ್ಪಲ್ಲ. ವೋಟು ಹಾಕಿದವರೇ ಮೊದಲು ಕೇಳಬೇಕು.

ಪಶ್ಚಿಮ ಘಟ್ಟದ ಹೊಳೆ ನೀರನ್ನು ನಮ್ಮ ಕಡೆಗೆ ತರುವ ಎತ್ತಿನಹೊಳೆ ಯೋಜನೆ ಬಂದರೆ ಎಲ್ಲ ಸರಿಹೋಗುತ್ತೆ ಅಂತಲೂ ಹೇಳುತ್ತಾರೆ. 2014ರಲ್ಲಿ ಚಿಕ್ಕಬಳ್ಳಾಪುರದ ಹತ್ತಿರ ಶಂಕುಸ್ಥಾಪನೆ ಮಾಡಿದರು. ಹನ್ನೆರಡು ಸಾವಿರ ಕೋಟಿಯ ಚಿಲ್ಲರೆ ಇದ್ದ ಖರ್ಚು ಇಪ್ಪತ್ತಮೂರು ಸಾವಿರ ಕೋಟಿ ದಾಟಿತು. 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದಲ್ಲಿ ನೀರೆತ್ತುವ ಪಂಪಿನ ಬಟನ್ ಒತ್ತಿದರು. ಬರಲಿ, ಬಂದರೆ ಸಂತೋಷವೇ. ಅದು ಬರುವವರೆಗೂ ನಮ್ಮ ಅಂತರ್ಜಲಕ್ಕೆ ಏನು ಇಳಿಯುತ್ತಿದೆ ಅನ್ನುವುದನ್ನು ಕೇಳದೆ ಕೂರೋಕಾಗಲ್ಲ.

ಯಾಕೆಂದರೆ ನೀರು ಕೈಕೊಟ್ಟರೆ ಏನಾಗುತ್ತದೆ ಅಂತ ಈ ಜಿಲ್ಲೆ ಒಮ್ಮೆ ನೋಡಿದೆ. ಬೋರ್ ಆಳಕ್ಕೆ ಹೋದ ಹಾಗೆ ಫ್ಲೋರೈಡ್ ಬಂತು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತಾರೆ, ದಾಟಿದ ನೀರನ್ನೇ ಎಷ್ಟೋ ಊರುಗಳಲ್ಲಿ ವರ್ಷಗಟ್ಟಲೆ ಕುಡಿದರು. ನಿಮ್ಮ ದೊಡ್ಡಮ್ಮನ ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆ ನೋಡಿದ್ದೀಯಲ್ಲ. ಕುದಿಸಿದರೂ ಫ್ಲೋರೈಡ್ ಹೋಗಲ್ಲ. ಆಗ ಯಾರೂ ನಮಗೆ ಹೇಳಲಿಲ್ಲ, ಊರಿನ ಮುದುಕರು ನಡು ಬಗ್ಗಿದ ಮೇಲೆ ಗೊತ್ತಾಯಿತು. ಈಗ ಕೊಳಚೆಯ ಸಾರಜನಕದಿಂದ ಆಗುವ ನೈಟ್ರೇಟ್‌ನ ಸರದಿ ಆಗಬಾರದು. ಬಾಟಲಿ ಹಾಲು ಕುಡಿಯುವ ಕೂಸುಗಳಿಗೆ ಅದು ಜಾಸ್ತಿ ಅಪಾಯ.

ನನ್ನ ಬೇಡಿಕೆ ದೊಡ್ಡದೇನಲ್ಲ. ಮೂರನೇ ಹಂತ ಕಟ್ಟಲು ಹಣ, ವರ್ಷ ಎರಡೂ ಬೇಕು, ಒಪ್ಪುತ್ತೇನೆ. ಅಲ್ಲಿಯವರೆಗೆ ತಿಂಗಳಿಗೊಂದು ಸಲ ಕೆರೆಯ ನೀರನ್ನೂ ಪಕ್ಕದ ಬೋರ್ ನೀರನ್ನೂ ಪರೀಕ್ಷೆ ಮಾಡಿ, ಫಲಿತಾಂಶವನ್ನು ಕನ್ನಡದಲ್ಲಿ ಪಂಚಾಯಿತಿ ಗೋಡೆಗೆ ಅಂಟಿಸಲಿ. ಯಾವುದು ಎಷ್ಟಿದೆ, ಎಷ್ಟಿರಬೇಕು, ದನಕ್ಕೆ ಕುಡಿಸಬಹುದಾ, ಸೊಪ್ಪಿಗೆ ಬಿಡಬಹುದಾ ಅಂತ. ಹೋದ ಸಲ ಗ್ರಾಮಸಭೆಯಲ್ಲಿ ಇದನ್ನೇ ಕೇಳಿದೆ. ಬಂದಿದ್ದ ಅಧಿಕಾರಿಯೊಬ್ಬರು "ರಿಪೋರ್ಟ್ ಎಲ್ಲ ನಿಮಗೆ ಅರ್ಥ ಆಗಲ್ಲಮ್ಮ" ಅಂದರು. ಡೇರಿಯಲ್ಲಿ ದಿನಾ ಎರಡು ಹೊತ್ತು ಹಾಲಿನ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ನೋಡಿ ದುಡ್ಡು ಲೆಕ್ಕ ಹಾಕುವ ಹೆಂಗಸರು ನಾವು. ಅದನ್ನು ಅಲ್ಲೇ ಹೇಳಿದೆ. ಅಕ್ಕಪಕ್ಕದವರೂ ದನಿಗೂಡಿಸಿದರು.

ನಿನ್ನಿಂದಲೂ ಒಂದು ಕೆಲಸ ಆಗಬೇಕು. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಕೊಳಚೆ ಶುದ್ಧ ಮಾಡುವ ಘಟಕ ಇದೆ ಅಂದಿದ್ದೆ. ಅದು ದಿನಾ ಓಡುತ್ತದಾ, ಇಲ್ಲ ಕರೆಂಟ್ ಬಿಲ್ ಉಳಿಸೋಕೆ ಆಫ್ ಮಾಡಿ ಚರಂಡಿಗೆ ಬಿಡುತ್ತಾರಾ, ಅಸೋಸಿಯೇಷನ್ ಮೀಟಿಂಗಿನಲ್ಲಿ ಕೇಳು. ಆಸಿಡ್, ಹಳೇ ಮಾತ್ರೆ, ಪೇಂಟು ಸಿಂಕಿಗೆ ಸುರಿಯಬೇಡ, ಜೊತೆಯವರಿಗೂ ಹೇಳು. ಮೀಟಿಂಗ್ ಆದ ಮೇಲೆ ಏನಂದರು ಅಂತ ನನಗೆ ಫೋನ್ ಮಾಡು, ರಾತ್ರಿ ಎಂಟರ ಮೇಲೆ. ಅಷ್ಟರಲ್ಲಿ ಹಾಲು ಹಾಕಿ ಬಂದಿರುತ್ತೇನೆ.

ಮುಂದಿನ ಗ್ರಾಮಸಭೆಗೆ ಅರ್ಜಿ ಬರೆದಿಟ್ಟಿದ್ದೇನೆ, ಸಂಘದ ಹೆಂಗಸರೆಲ್ಲ ಸಹಿ ಹಾಕುತ್ತಿದ್ದಾರೆ. ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ. ಏನಾದರೂ ಬಿಟ್ಟುಹೋಗಿದ್ದರೆ ಸೇರಿಸಿ ಭಾನುವಾರದೊಳಗೆ ವಾಪಸ್ ಕಳಿಸು.

ನಿನ್ನ
ಅಮ್ಮ